ಸಂತರ ಬದುಕನ್ನು ಓದುವ, ಬರೆಯುವ ಬಗೆ: ಅಸ್ಸಿಸಿಯ ಫ್ರಾನ್ಸಿಸರನ್ನು ಮುಂದಿಟ್ಟುಕೊಂಡು

ಚರ್ಚಿನ ಹಬ್ಬದ ಸ್ಮರಣ ಸಂಚಿಕೆಗೋ, ಶಾಲೆಯ ಭಾಷಣಕ್ಕೋ, ಕಾಲೇಜಿನ ಪ್ರಬಂಧಕ್ಕೋ ಒಬ್ಬ ಸಂತರ ಬದುಕನ್ನು ನಾಲ್ಕು ಪುಟಗಳಲ್ಲಿ ಬರೆದುಕೊಡಬೇಕಾಗಿ ಬಂದಾಗ, ಹೆಚ್ಚಿನವರು ಕೈಗೆ ಸಿಕ್ಕಿದ ಒಂದು ಕಿರುಪುಸ್ತಕವನ್ನು ತೆಗೆದು ಅದನ್ನೇ ಸಂಗ್ರಹಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಸಂತರು ತಾವೇ ಹೇಳಿ ಬರೆಸಿದ ಮಾತು, ಅವರು ತೀರಿಕೊಂಡ ಎರಡು ಮೂರು ವರ್ಷಗಳಲ್ಲಿ ದಾಖಲಾದ ಪ್ರಸಂಗ, ನೂರು ವರ್ಷ ಕಳೆದ ಮೇಲೆ ಬರಹಕ್ಕೆ ಬಂದ ಕಥೆ, ಇಪ್ಪತ್ತನೆಯ ಶತಮಾನದಲ್ಲಿ ಅವರ ಹೆಸರಿಗೆ ಅಂಟಿಕೊಂಡ ಪ್ರಾರ್ಥನೆ, ಇವೆಲ್ಲವೂ ಒಂದೇ ತೂಕದ ಸಂಗತಿಗಳಾಗಿ ಒಂದೇ ಸಾಲಿನಲ್ಲಿ ಕುಳಿತುಬಿಡುತ್ತವೆ. ಇವನ್ನು ಬೇರ್ಪಡಿಸಿ ಓದುವುದಕ್ಕೆ ವಿದ್ವಾಂಸರೇ ಆಗಬೇಕೆಂದಿಲ್ಲ. ಒಂದು ನೋಟ್‌ಬುಕ್ಕು, ಸ್ವಲ್ಪ ತಾಳ್ಮೆ, ಮತ್ತು ಸರಿಯಾದ ಕ್ರಮದಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳು ಇದ್ದರೆ ಸಾಕು. ಅಸ್ಸಿಸಿಯ ಸಂತ ಫ್ರಾನ್ಸಿಸರ ಬಗ್ಗೆ ಹಳೆಯ ಬರಹಗಳು ಹೇರಳವಾಗಿ ಉಳಿದುಬಂದಿರುವುದರಿಂದ, ಈ ಕ್ರಮವನ್ನು ಕಲಿಯಲು ಅವರಿಗಿಂತ ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ.

ಮೊದಲು ಬದುಕಿನ ಎಲುಬುಗೂಡನ್ನು ಬರೆದುಕೊಳ್ಳಿ. ಫ್ರಾನ್ಸಿಸರು ಇಟಲಿಯ ಉಂಬ್ರಿಯಾ ಪ್ರಾಂತದ ಅಸ್ಸಿಸಿಯಲ್ಲಿ 1181 ಅಥವಾ 1182ರಲ್ಲಿ, ಪಿಯೆತ್ರೊ ದಿ ಬೆರ್ನಾರ್ದೊನೆ ಎಂಬ ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿದರು. 1202ರಲ್ಲಿ ನೆರೆಯ ಪೆರುಜಾ ನಗರದೊಂದಿಗೆ ನಡೆದ ಕಾಳಗದಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಬಂಧನದಲ್ಲಿದ್ದರು. 1206ರ ಸುಮಾರಿಗೆ ಬಿಷಪರ ಎದುರು ತಂದೆಯ ಆಸ್ತಿಯನ್ನೂ ಮೈಮೇಲಿನ ಬಟ್ಟೆಯನ್ನೂ ಬಿಟ್ಟುಕೊಟ್ಟರು. 1209 ಅಥವಾ 1210ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಅವರ ಚಿಕ್ಕ ಗುಂಪಿಗೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. 1219ರಲ್ಲಿ ಈಜಿಪ್ಟಿಗೆ ಹೋದರು. 1223ರ ನವೆಂಬರ್ 29ರಂದು ಪೋಪ್ ಮೂರನೆಯ ಹೊನೋರಿಯಸ್ ಅವರ ಸಂನ್ಯಾಸಿ ಸಭೆಯ ನಿಯಮಾವಳಿಯನ್ನು ಲಿಖಿತವಾಗಿ ಅನುಮೋದಿಸಿದರು. ಅದೇ ವರ್ಷದ ಕ್ರಿಸ್ಮಸ್ ಗ್ರೆಚ್ಚೊದಲ್ಲಿ, 1224ರ ಸೆಪ್ಟೆಂಬರ್ ಲಾ ವೆರ್ನಾ ಬೆಟ್ಟದಲ್ಲಿ, 1226ರ ಅಕ್ಟೋಬರ್ 3ರ ಸಂಜೆ ಮರಣ. 1228ರ ಜುಲೈ 16ರಂದು ಪೋಪ್ ಒಂಬತ್ತನೆಯ ಗ್ರೆಗೊರಿ ಅವರಿಗೆ ಸಂತ ಪದವಿಯನ್ನು ಘೋಷಿಸಿದರು. ಹುಟ್ಟಿದ ವರ್ಷದಂಥ ಕಡೆ ‘ಅಥವಾ’ ಇದ್ದರೆ ಅದನ್ನು ಹಾಗೆಯೇ ಉಳಿಸಿ. ಅಂದಕ್ಕಾಗಿ ಒಂದನ್ನೇ ಆರಿಸಿಕೊಳ್ಳುವ ಚಪಲವೇ ಮುಂದಿನ ಹಲವು ತಪ್ಪುಗಳಿಗೆ ದಾರಿ.

ಈಗ ಅದೇ ಪುಟದ ಬಲಬದಿಯಲ್ಲಿ ಇನ್ನೊಂದು ಪಟ್ಟಿ ಮಾಡಿ. ಎಡಬದಿಯದು ಬದುಕಿನ ಕಾಲಾನುಕ್ರಮವಾದರೆ ಬಲಬದಿಯದು ಬರಹಗಳ ಕಾಲಾನುಕ್ರಮ: ಯಾವ ಗ್ರಂಥ ಯಾವಾಗ, ಯಾರ ಅಪ್ಪಣೆಯ ಮೇರೆಗೆ, ಯಾರಿಗಾಗಿ ಬರೆಯಲ್ಪಟ್ಟಿತು ಎಂಬುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ ಹೆಜ್ಜೆ. ‘ಇದು ನಿಜವೇ?’ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿದರೆ ಭಕ್ತನಿಗೂ ಸಂಶಯಿಗೂ ಜಗಳ ಹತ್ತಿಕೊಳ್ಳುತ್ತದೆ. ‘ಇದು ಮೊದಲು ಎಲ್ಲಿ ಕಾಣಿಸಿಕೊಂಡಿತು?’ ಎಂದು ಕೇಳಿದರೆ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಕೆಲಸ ಮಾಡಬಹುದು. ಕನ್ನಡದ ಓದುಗರಿಗೆ ಇದು ಹೊಸ ಅಭ್ಯಾಸವೇನೂ ಅಲ್ಲ. ಬಸವಣ್ಣನವರ ವಚನ, ಹರಿಹರನ ರಗಳೆ, 1369ರ ಭೀಮಕವಿಯ ಬಸವಪುರಾಣ ಈ ಮೂರನ್ನೂ ನಾವು ಗೌರವದಿಂದಲೇ ಓದುತ್ತೇವೆ, ಆದರೆ ಮೂರನ್ನೂ ಒಂದೇ ಬಗೆಯ ಸಾಕ್ಷ್ಯವೆಂದು ಎಣಿಸುವುದಿಲ್ಲ.

ಮೊದಲು ಅವರದೇ ಮಾತು

ಸಂತರು ತಾವೇ ಬರೆದದ್ದು ಅಥವಾ ಹೇಳಿ ಬರೆಸಿದ್ದು ಏನಾದರೂ ಉಳಿದಿದ್ದರೆ, ಅವರ ಬಗ್ಗೆ ಬೇರೆಯವರು ಬರೆದದ್ದನ್ನು ತೆರೆಯುವ ಮೊದಲು ಅದನ್ನು ಓದಿ ಮುಗಿಸಿ. ಫ್ರಾನ್ಸಿಸರ ವಿಷಯದಲ್ಲಿ 1221ರ ಹೊತ್ತಿಗೆ ರೂಪುಗೊಂಡ ಮೊದಲ ನಿಯಮಾವಳಿ, 1223ರ ಅನುಮೋದಿತ ನಿಯಮಾವಳಿ, ಕೆಲವು ಪತ್ರಗಳು, ಉಂಬ್ರಿಯಾದ ಆಡುಮಾತಿನಲ್ಲಿರುವ ಸೂರ್ಯ ಸೋದರನ ಸ್ತುತಿಗೀತೆ, ಮತ್ತು ಸಾಯುವ ವರ್ಷ ಹೇಳಿ ಬರೆಸಿದ ಮರಣಶಾಸನ ನಮಗೆ ಸಿಗುತ್ತವೆ. ಮರಣಶಾಸನ ಕೆಲವೇ ಪುಟಗಳದ್ದು. ಅದರಲ್ಲಿ ಅವರು ತಮ್ಮ ಮನಃಪರಿವರ್ತನೆಯನ್ನು ವಿವರಿಸುವಾಗ ಕನಸನ್ನಾಗಲಿ ಅಶರೀರವಾಣಿಯನ್ನಾಗಲಿ ಹೇಳುವುದಿಲ್ಲ. ಪಾಪದಲ್ಲಿದ್ದಾಗ ಕುಷ್ಠರೋಗಿಗಳನ್ನು ನೋಡುವುದೇ ತಮಗೆ ತೀರ ಕಹಿಯಾಗಿತ್ತೆಂದೂ, ದೇವರೇ ತಮ್ಮನ್ನು ಅವರ ನಡುವೆ ಕರೆದೊಯ್ದನೆಂದೂ, ಅವರಿಗೆ ದಯೆ ತೋರಿದ ಮೇಲೆ ಕಹಿಯಾಗಿದ್ದದ್ದೇ ಸಿಹಿಯಾಯಿತೆಂದೂ ಹೇಳುತ್ತಾರೆ. ನಂತರದ ಮಾತುಗಳು ಕೈಯಾರೆ ದುಡಿಯುವುದರ ಬಗ್ಗೆ, ಬಡ ಗುರುಗಳನ್ನೂ ಗೌರವಿಸುವುದರ ಬಗ್ಗೆ, ಪೋಪರ ಆಸ್ಥಾನದಿಂದ ವಿಶೇಷ ಸವಲತ್ತಿನ ಪತ್ರಗಳನ್ನು ಬೇಡಬಾರದೆಂಬುದರ ಬಗ್ಗೆ ಇವೆ. ಹಕ್ಕಿಗಳಿಲ್ಲ, ತೋಳವಿಲ್ಲ, ಸುಲ್ತಾನನಿಲ್ಲ, ಲಾ ವೆರ್ನಾದಲ್ಲಿ ಅವರ ದೇಹದಲ್ಲಿ ಮೂಡಿದವೆನ್ನುವ ಕ್ರಿಸ್ತನ ಪಂಚಗಾಯಗಳೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅವರು ಹೇಳಲಿಲ್ಲವೆಂದ ಮಾತ್ರಕ್ಕೆ ನಡೆಯಲಿಲ್ಲವೆಂದು ತೀರ್ಮಾನಿಸಬಾರದು. ಮರಣಶಾಸನ ಆತ್ಮಕಥೆಯಲ್ಲ, ಸಭೆಯ ಸೋದರರಿಗೆ ಕೊಟ್ಟ ಬುದ್ಧಿವಾದ. ಆದರೆ ತಮ್ಮ ಬದುಕಿನ ತಿರುವು ಯಾವುದೆಂದು ಅವರೇ ಗುರುತಿಸಿದ್ದಾರೆ, ಮತ್ತು ಅದು ಕುಷ್ಠರೋಗಿಗಳ ನಡುವೆ ನಡೆಯಿತು ಎಂಬುದನ್ನು ನಿಮ್ಮ ಲೇಖನದ ಮೊದಲ ಪುಟದಲ್ಲೇ ಬರೆಯಲು ಇಷ್ಟು ಸಾಕು. ಜನಪ್ರಿಯ ಚರಿತ್ರೆಗಳಲ್ಲಿ ಇದು ಒಂದು ಪ್ಯಾರಾದಲ್ಲಿ ಮುಗಿದು, ಪ್ರಾಣಿಪಕ್ಷಿಗಳು ಹತ್ತು ಪುಟ ತುಂಬುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಹೊರಗಿನವರು ಏನು ಕಂಡರು

ಎರಡನೆಯದಾಗಿ, ಸಂತರನ್ನು ಹೊಗಳಲೇಬೇಕಾದ ಹಂಗಿಲ್ಲದ ಸಮಕಾಲೀನರನ್ನು ಹುಡುಕಿ. ಎಲ್ಲ ಸಂತರಿಗೂ ಇಂಥವರು ಸಿಗುವುದಿಲ್ಲ, ಸಿಕ್ಕರೆ ಬಿಡಬೇಡಿ. ಸ್ಪಾಲಾತೊ (ಈಗಿನ ಕ್ರೊಯೇಷಿಯಾದ ಸ್ಪ್ಲಿಟ್) ನಗರದ ಥಾಮಸ್ ಎಂಬ ಗುರುಗಳು 1222ರ ಆಗಸ್ಟ್ 15ರಂದು, ತಾವಿನ್ನೂ ಬೊಲೊನ್ಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಅಲ್ಲಿನ ಚೌಕದಲ್ಲಿ ಫ್ರಾನ್ಸಿಸರ ಭಾಷಣವನ್ನು ಕೇಳಿದ್ದನ್ನು ಮುಂದೆ ತಮ್ಮ ಊರಿನ ಧರ್ಮಸಭೆಯ ಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಫ್ರಾನ್ಸಿಸರ ನಿಲುವಂಗಿ ಕೊಳೆಯಾಗಿತ್ತು, ಆಕಾರ ಗೌರವ ಹುಟ್ಟಿಸುವಂತಿರಲಿಲ್ಲ, ಮುಖದಲ್ಲಿ ಚೆಲುವಿರಲಿಲ್ಲ. ಮಾತಿನ ರೀತಿ ಚರ್ಚಿನ ಪ್ರಬೋಧನೆಯಂತಿರದೆ ಊರ ಸಭೆಯಲ್ಲಿ ಮಾತಾಡುವವರಂತಿತ್ತು. ಆದರೂ ರಕ್ತ ಹರಿಸಿ ಹಗೆ ಸಾಧಿಸುತ್ತಿದ್ದ ಶ್ರೀಮಂತ ಕುಲಗಳು ಆ ಮಾತಿಗೆ ಮಣಿದು ರಾಜಿಯಾದವು ಎಂಬುದು ಅವರ ವರದಿ. ಭಕ್ತರು ಬರೆದ ಯಾವ ಚರಿತ್ರೆಯಲ್ಲೂ ಕೊಳೆಯಾದ ನಿಲುವಂಗಿ ಇಷ್ಟು ಹತ್ತಿರದಿಂದ ಕಾಣುವುದಿಲ್ಲ. ಮೆಚ್ಚುಗೆಯ ಜೊತೆಗೆ ಇರಿಸುಮುರಿಸೂ ಬೆರೆತ ಇಂಥ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಕೊಡಿ, ಏಕೆಂದರೆ ಬರೆದವರು ಯಾರನ್ನೂ ಸಂತರನ್ನಾಗಿಸಲು ಹೊರಟಿರಲಿಲ್ಲ.

ಚರಿತ್ರೆಗಳನ್ನು ಹುಟ್ಟಿದ ಕ್ರಮದಲ್ಲಿ ಓದುವುದು

ಇದಾದ ಮೇಲೆ ಜೀವನಚರಿತ್ರೆಗಳಿಗೆ ಬನ್ನಿ, ಮತ್ತು ಅವನ್ನು ಹುಟ್ಟಿದ ಕ್ರಮದಲ್ಲೇ ಓದಿ. ಮೊದಲನೆಯದನ್ನು ಪೋಪ್ ಒಂಬತ್ತನೆಯ ಗ್ರೆಗೊರಿಯವರ ಅಪ್ಪಣೆಯಂತೆ ಚೆಲಾನೊದ ಥಾಮಸ್ 1228–29ರಲ್ಲಿ ಬರೆದರು. ಇವರು 1215ರ ಸುಮಾರಿಗೆ ಸಭೆಗೆ ಸೇರಿದವರು. ಹೊಸದಾಗಿ ಸಂತ ಪದವಿ ಪಡೆದವರನ್ನು ಕ್ರೈಸ್ತಲೋಕಕ್ಕೆ ಪರಿಚಯಿಸುವುದು ಆ ಗ್ರಂಥದ ಉದ್ದೇಶವಾಗಿತ್ತು. ಹದಿನೈದು ವರ್ಷದ ನಂತರ, ಫ್ರಾನ್ಸಿಸರೊಂದಿಗೆ ಬಾಳಿದ ಮೊದಲ ತಲೆಮಾರು ಮುದುಕಾಗುತ್ತಿದ್ದಾಗ, ನೆನಪಿರುವುದನ್ನೆಲ್ಲ ಬರೆದು ಕಳಿಸಿರೆಂದು 1244ರ ಮಹಾಸಭೆ ಸೋದರರನ್ನು ಕೇಳಿಕೊಂಡಿತು. ಬಂದ ನೆನಪುಗಳನ್ನು ಬಳಸಿ ಅದೇ ಥಾಮಸ್ 1246–47ರಲ್ಲಿ ಎರಡನೆಯ ಚರಿತ್ರೆಯನ್ನು ಬರೆದರು. ಆ ಹೊತ್ತಿಗೆ ಬಡತನವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬ ವಿಷಯದಲ್ಲಿ ಸಭೆಯೊಳಗೆ ಒಡಕು ಕಾಣಿಸಿಕೊಂಡಿತ್ತು, ಮತ್ತು ಆ ವಾದದ ಕಾವು ಬರಹಕ್ಕೂ ತಟ್ಟಿದೆ. ಸಭೆಯ ಮುಖ್ಯಸ್ಥರಾಗಿದ್ದ ಬೊನವೆಂತೂರರು ಬರೆದ ಮಹಾಚರಿತ್ರೆಗೆ 1263ರಲ್ಲಿ ಮನ್ನಣೆ ಸಿಕ್ಕಿತು. 1266ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಮಹಾಸಭೆ, ಹಿಂದಿನ ಎಲ್ಲ ಚರಿತ್ರೆಗಳನ್ನೂ ಅಳಿಸಿಹಾಕಬೇಕೆಂದು ಆಜ್ಞೆ ಹೊರಡಿಸಿತು.

ಆಜ್ಞೆ ಪೂರ್ತಿ ಫಲಿಸಲಿಲ್ಲ. ಬೇರೆ ಸಂನ್ಯಾಸಿ ಮಠಗಳ ಗ್ರಂಥಭಂಡಾರಗಳಲ್ಲಿ ಥಾಮಸರ ಮೊದಲ ಚರಿತ್ರೆಯ ಪ್ರತಿಗಳು ಉಳಿದುಕೊಂಡವು; ಅದು ಮುದ್ರಣ ಕಂಡದ್ದು 1768ರಲ್ಲಿ, ಸಂತರ ಚರಿತ್ರೆಗಳ ಸಂಪಾದನೆಯನ್ನೇ ಕಾಯಕ ಮಾಡಿಕೊಂಡಿದ್ದ ಬೊಲಾಂಡಿಸ್ಟರೆಂಬ ಯೇಸುಸಭೆಯ ವಿದ್ವಾಂಸರಿಂದ. ಹುಡುಕಾಟ ಇನ್ನೂ ಮುಗಿದಿಲ್ಲ: ಥಾಮಸರೇ ಈ ಎರಡು ಚರಿತ್ರೆಗಳ ನಡುವೆ ಬರೆದ ಒಂದು ಸಂಕ್ಷಿಪ್ತ ಚರಿತ್ರೆಯಿರುವ, ಅಂಗೈಯಷ್ಟೇ ಅಗಲದ ಹಸ್ತಪ್ರತಿಯೊಂದು ಮಾರಾಟಕ್ಕೆ ಬಂದಾಗ ಫ್ರೆಂಚ್ ವಿದ್ವಾಂಸ ಜಾಕ್ ದಲಾರೆಂ ಅದನ್ನು ಗುರುತಿಸಿದರು, ಮತ್ತು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 2014ರಲ್ಲಿ ಅದನ್ನು ಕೊಂಡುಕೊಂಡಿತು. ಐದು ಶತಮಾನಗಳ ಕಾಲ ಜನರು ತಿಳಿದ ಫ್ರಾನ್ಸಿಸರು ಹೆಚ್ಚಾಗಿ ಬೊನವೆಂತೂರರು ಚಿತ್ರಿಸಿದ ಫ್ರಾನ್ಸಿಸರೇ ಆಗಿದ್ದರೆಂಬುದನ್ನು ಬರೆಯುವವರು ಮರೆಯಬಾರದು. ಅಸ್ಸಿಸಿಯ ಮೇಲಿನ ಬೆಸಿಲಿಕಾದ ಗೋಡೆಗಳ ಮೇಲಿರುವ, ಚಿತ್ರಕಾರ ಜೊತ್ತೊ ಹೆಸರಿನಲ್ಲಿ ಪ್ರಸಿದ್ಧವಾದ 28 ಭಿತ್ತಿಚಿತ್ರಗಳೂ ಆ ಗ್ರಂಥವನ್ನೇ ಅನುಸರಿಸುತ್ತವೆ. ನಮ್ಮ ಕ್ಯಾಲೆಂಡರುಗಳ ಚಿತ್ರಗಳೂ ಬಹುಮಟ್ಟಿಗೆ ಅದೇ ದಾರಿಯವು.

ಕ್ರಮವಾಗಿ ಓದಿದಾಗ ದೊರೆಯುವ ಲಾಭವನ್ನು ನೋಡಲು ಒಂದು ಸಣ್ಣ ಪ್ರಯೋಗ ಮಾಡಿ: ಫ್ರಾನ್ಸಿಸರ ಯೌವನದ ಭಾಗವನ್ನು ಮಾತ್ರ ಮೂರು ಚರಿತ್ರೆಗಳಲ್ಲೂ ಅಕ್ಕಪಕ್ಕ ಇಟ್ಟು ಓದಿ. ಮೊದಲನೆಯದರಲ್ಲಿ ಹೆತ್ತವರೇ ಮಗನನ್ನು ಲೋಕದ ಡೌಲಿನಲ್ಲಿ ಬೆಳೆಸಿ ಕೆಡಿಸಿದರೆಂದೂ, ಇಪ್ಪತ್ತೈದರ ಹತ್ತಿರದವರೆಗೆ ಆತ ಕಾಲವನ್ನು ಹಾಳುಮಾಡಿದನೆಂದೂ ಥಾಮಸ್ ಕಟುವಾಗಿ ಬರೆಯುತ್ತಾರೆ. ಎರಡನೆಯದರಲ್ಲಿ ಅದೇ ತಾಯಿ, ಸ್ನಾನಿಕ ಯೊವಾನ್ನರ ತಾಯಿ ಎಲಿಸಬೇತಳಿಗೆ ಹೋಲಿಸಲ್ಪಡುವಷ್ಟು ಪುಣ್ಯವಂತೆ. ಬೊನವೆಂತೂರರಿಗೆ ಬರುವಷ್ಟರಲ್ಲಿ ಯುವಕ ಲೋಕದ ನಡುವೆ ಇದ್ದರೂ ದೇಹದ ಆಸೆಗಳಿಗೆ ಮಣಿಯದವನಾಗಿದ್ದಾನೆ. ಈ ನಡುವೆ ಹೊಸ ಸಂಗತಿಯೊಂದು ಪತ್ತೆಯಾಯಿತೆಂಬುದಕ್ಕಿಂತ, ಸಭೆಯ ಸ್ಥಾಪಕರು ಹೇಗೆ ಕಾಣಬೇಕೆಂಬ ಅಪೇಕ್ಷೆ ಬದಲಾಯಿತೆಂಬುದೇ ಹೆಚ್ಚು ಸಂಭವನೀಯ. ಇಂಥ ಕಡೆ ಸಾಮಾನ್ಯವಾಗಿ ಮುಜುಗರ ತರುವ ಹಳೆಯ ಪಾಠದ ಕಡೆಗೇ ನಾನು ವಾಲುತ್ತೇನೆ, ಆದರೆ ಮನಃಪರಿವರ್ತನೆಯ ಮಹಿಮೆಯನ್ನು ಎತ್ತಿಹಿಡಿಯಲು ಹಿಂದಿನ ಪಾಪವನ್ನು ದೊಡ್ಡದಾಗಿ ಬರೆಯುವ ಸಂಪ್ರದಾಯವೂ ಇತ್ತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು.

ಒಂದೊಂದು ಪ್ರಸಂಗದ ಬೇರು

ಈಗ ನಿಮ್ಮ ಲೇಖನದಲ್ಲಿ ಬರಲೇಬೇಕಾದ ಪ್ರಸಂಗಗಳನ್ನು ಒಂದೊಂದಾಗಿ ಎತ್ತಿಕೊಂಡು, ಅದು ಯಾವ ಗ್ರಂಥದಲ್ಲಿ ಮೊದಲು ಬರುತ್ತದೆಂದು ಬಲಬದಿಯ ಪಟ್ಟಿಯಲ್ಲಿ ಗುರುತು ಹಾಕಿ. ಫಲಿತಾಂಶ ಕೆಲವೊಮ್ಮೆ ನಿರೀಕ್ಷೆಗೆ ತಿರುಗುಮುರುಗಾಗಿರುತ್ತದೆ. ಬೆವಾನ್ಯಾದ ಬಳಿ ಹಕ್ಕಿಗಳಿಗೆ ಉಪದೇಶ ಮಾಡಿದ ಪ್ರಸಂಗ ಕಟ್ಟುಕಥೆಯಂತೆ ಕೇಳಿಸಿದರೂ 1228–29ರ ಮೊದಲ ಚರಿತ್ರೆಯಲ್ಲೇ ಇದೆ. ಗುಬ್ಬಿಯೊದ ತೋಳವನ್ನು ಪಳಗಿಸಿದ ಕಥೆಯಾದರೋ ನಮಗೆ ಸಿಗುವುದು ಹದಿನಾಲ್ಕನೆಯ ಶತಮಾನದ ಕಥಾಸಂಗ್ರಹದಲ್ಲಿ, ಅಂದರೆ ಸಂತರು ತೀರಿಕೊಂಡು ನೂರು ವರ್ಷ ಕಳೆದ ಮೇಲೆ. ಸಾನ್ ದಮಿಯಾನೊದ ಹಾಳುಬಿದ್ದ ಚರ್ಚಿನಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನು ತನ್ನ ಮನೆಯನ್ನು ದುರಸ್ತಿ ಮಾಡೆಂದು ಹೇಳಿದ ಪ್ರಸಂಗ ಥಾಮಸರ ಮೊದಲ ಚರಿತ್ರೆಯಲ್ಲಿ ಇಲ್ಲ. ಅಲ್ಲಿ ಫ್ರಾನ್ಸಿಸರು ಬಿದ್ದುಹೋಗುತ್ತಿದ್ದ ಚರ್ಚನ್ನು ಕಂಡು ಮರುಗಿ ಅದನ್ನು ಕಟ್ಟಲು ತೊಡಗುತ್ತಾರೆ, ಅಷ್ಟೆ. ಮಾತಾಡುವ ಶಿಲುಬೆ 1240ರ ದಶಕದ ಬರಹಗಳಲ್ಲಿ ಬರುತ್ತದೆ. ಕುಸಿಯುತ್ತಿದ್ದ ರೋಮಿನ ಲಾತೆರನ್ ಬೆಸಿಲಿಕಾವನ್ನು ಒಬ್ಬ ಬಡವ ಹೆಗಲು ಕೊಟ್ಟು ನಿಲ್ಲಿಸಿದಂತೆ ಪೋಪರಿಗೆ ಬಿದ್ದ ಕನಸೂ ಹಾಗೆಯೇ ತಡವಾಗಿ ಬಂದದ್ದು, ಮತ್ತು ಅದೇ ಕನಸು ಇನ್ನೊಂದು ಸಂನ್ಯಾಸಿ ಸಭೆಯ ಸ್ಥಾಪಕರಾದ ಸಂತ ಡೊಮಿನಿಕರ ಚರಿತ್ರೆಯಲ್ಲಿ ಡೊಮಿನಿಕರ ಹೆಸರಿನಲ್ಲಿದೆ. ಎರಡು ಸಭೆಗಳು ಒಂದೇ ಕನಸನ್ನು ತಮ್ಮದೆಂದಾಗ, ಯಾರು ಯಾರಿಂದ ಪಡೆದರೆಂದು ತೀರ್ಪು ಕೊಡುವ ಗೋಜಿಗೆ ಹೋಗದೆ, ಎರಡೂ ಕಡೆ ಇದೆಯೆಂದಷ್ಟೇ ಬರೆಯುವುದು ಕ್ಷೇಮ.

ಈಜಿಪ್ಟಿನ ಪ್ರಸಂಗ ಈ ವಿಧಾನದ ಬೆಲೆಯನ್ನು ಚೆನ್ನಾಗಿ ತೋರಿಸುತ್ತದೆ. 1219ರಲ್ಲಿ ಐದನೆಯ ಧರ್ಮಯುದ್ಧದ (ಕ್ರುಸೇಡಿನ) ಸೈನ್ಯ ದಮಿಯೆತ್ತಾ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಫ್ರಾನ್ಸಿಸರು ಸುಲ್ತಾನ್ ಅಲ್-ಕಾಮಿಲನ ಪಾಳೆಯಕ್ಕೆ ಹೋದರು. ಅಲ್ಲಿಯೇ ಇದ್ದ ಆಕ್ರೆಯ ಬಿಷಪ್ ಜಾಕ್ ದ ವಿತ್ರಿ 1220ರ ಪತ್ರದಲ್ಲಿ, ಈ ಸೋದರ ಶತ್ರುಪಾಳೆಯಕ್ಕೆ ಹೆದರದೆ ಹೋಗಿ ಕೆಲವು ದಿನ ಉಪದೇಶ ಮಾಡಿದನೆಂದೂ, ಹೆಚ್ಚೇನೂ ಫಲ ಸಿಗಲಿಲ್ಲವೆಂದೂ, ಆದರೆ ತನಗಾಗಿ ಪ್ರಾರ್ಥಿಸೆಂದು ಸುಲ್ತಾನನು ಗುಟ್ಟಾಗಿ ಕೇಳಿಕೊಂಡನೆಂದೂ ತಿಳಿಸುತ್ತಾರೆ. ಥಾಮಸರ ಮೊದಲ ಚರಿತ್ರೆಯಲ್ಲಿ ದಾರಿಯಲ್ಲಿ ಸೈನಿಕರ ಏಟು, ಸುಲ್ತಾನನಿಂದ ಗೌರವ, ಉಡುಗೊರೆಗಳ ನಿರಾಕರಣೆ ಇವೆ. ನಿಮ್ಮ ವಿದ್ವಾಂಸರೊಂದಿಗೆ ನಾನು ಬೆಂಕಿಗೆ ಇಳಿಯುತ್ತೇನೆಂದು ಫ್ರಾನ್ಸಿಸರು ಸವಾಲು ಹಾಕಿದ ದೃಶ್ಯ, ಅಸ್ಸಿಸಿಯ ಗೋಡೆಯ ಮೇಲೆ ಎಲ್ಲರೂ ನೋಡುವ ಆ ದೃಶ್ಯ, ಬೊನವೆಂತೂರರಲ್ಲಿ ಬರುತ್ತದೆ. ಈಗ ಅವರ 1221ರ ನಿಯಮಾವಳಿಯ ಹದಿನಾರನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಡಿ. ಮುಸ್ಲಿಮರ ನಡುವೆ ಹೋಗುವ ಸೋದರರು ವಾದ ಜಗಳಗಳಿಗೆ ಇಳಿಯದೆ, ದೇವರ ಸಲುವಾಗಿ ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರೆಂದು ಒಪ್ಪಿಕೊಂಡು ಬದುಕುವುದು ಒಂದು ದಾರಿ. ದೇವರ ಇಚ್ಛೆಯೆಂದು ಕಂಡಾಗ ಸಂದೇಶವನ್ನು ಸಾರುವುದು ಇನ್ನೊಂದು ದಾರಿ ಎಂದು ಅಲ್ಲಿದೆ. ಆ ಭೇಟಿ ಫ್ರಾನ್ಸಿಸರ ಮೇಲೆ ಏನು ಪರಿಣಾಮ ಬೀರಿತೆಂಬುದನ್ನು ಬೆಂಕಿಯ ಚಿತ್ರಕ್ಕಿಂತ ಈ ಅಧ್ಯಾಯ ಹೆಚ್ಚು ಹೇಳುತ್ತದೆಂದು ನನಗನಿಸುತ್ತದೆ.

ಗ್ರೆಚ್ಚೊದ ಕ್ರಿಸ್ಮಸ್ ಬಗ್ಗೆ ಚಿಕ್ಕ ಮಾತು. ನಮ್ಮ ಮನೆಗಳಲ್ಲಿ ಡಿಸೆಂಬರಿನಲ್ಲಿ ಕಟ್ಟುವ ಗೋದಲಿಯನ್ನು ಫ್ರಾನ್ಸಿಸರೇ ಮೊದಲು ಕಟ್ಟಿದರೆಂದು ಬರೆಯುವುದು ವಾಡಿಕೆ. ಥಾಮಸರ ವರ್ಣನೆಯಲ್ಲಿ ಇರುವುದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಮತ್ತು ಅಲ್ಲಿ ನಡೆದ ಬಲಿಪೂಜೆ; ಅದರಲ್ಲಿ ಡೀಕನ್ (ಗುರುಪದವಿಗಿಂತ ಕೆಳಗಿನ ಸೇವಕ) ಆಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿದರು. ಮರಿಯಳ, ಜೋಸೆಫರ, ಕುರುಬರ ಗೊಂಬೆಗಳಿರಲಿಲ್ಲ. ‘ಗೋದಲಿಯ ಸಂಪ್ರದಾಯ ಜನಪ್ರಿಯವಾಗಲು ಗ್ರೆಚ್ಚೊದ ಆ ರಾತ್ರಿ ಪ್ರೇರಣೆಯಾಯಿತು’ ಎಂದು ಬರೆದರೆ ಸಾಕು.

ಅವರದಲ್ಲದ ಮಾತುಗಳು

ಸಂತರ ಹೆಸರಿನಲ್ಲಿ ಓಡಾಡುವ ಉಕ್ತಿಗಳನ್ನು ಬಳಸುವ ಮೊದಲು ಅವರ ಬರಹಗಳ ಸಂಪುಟದಲ್ಲಿ ಅವು ಇವೆಯೇ ಎಂದು ನೋಡಿ. ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ‘ಸಂತ ಫ್ರಾನ್ಸಿಸರ ಶಾಂತಿ ಪ್ರಾರ್ಥನೆ’ ಎಂದು ಹೇಳಿಸುವ ಪ್ರಾರ್ಥನೆ ಅವರ ಯಾವ ಹಸ್ತಪ್ರತಿಯಲ್ಲೂ ಇಲ್ಲ. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸ್ಸಿನ ಒಂದು ಸಣ್ಣ ಧಾರ್ಮಿಕ ಪತ್ರಿಕೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ, ಲೇಖಕರ ಹೆಸರಿಲ್ಲದೆ. ಮುಂದೆ ಫ್ರಾನ್ಸಿಸರ ಚಿತ್ರವಿದ್ದ ಕಾರ್ಡಿನ ಹಿಂಬದಿಯಲ್ಲಿ ಅದನ್ನು ಮುದ್ರಿಸಿದ ಮೇಲೆ ಅವರ ಹೆಸರು ಅಂಟಿಕೊಂಡಿತು. ‘ಸದಾ ಶುಭಸಂದೇಶ ಸಾರಿರಿ, ಅಗತ್ಯವಿದ್ದರೆ ಮಾತುಗಳನ್ನು ಬಳಸಿರಿ’ ಎಂಬುದೂ ಅವರ ಬರಹಗಳಲ್ಲಾಗಲಿ ಆರಂಭದ ಚರಿತ್ರೆಗಳಲ್ಲಾಗಲಿ ಸಿಗುವುದಿಲ್ಲ. ಆ ಭಾವವೇ ಬೇಕಿದ್ದರೆ, ಎಲ್ಲ ಸೋದರರೂ ತಮ್ಮ ನಡತೆಯಿಂದ ಬೋಧಿಸಲಿ ಎಂಬ ಅರ್ಥದ ವಾಕ್ಯ 1221ರ ನಿಯಮಾವಳಿಯ ಹದಿನೇಳನೆಯ ಅಧ್ಯಾಯದಲ್ಲಿದೆ, ಅದನ್ನೇ ಉದ್ಧರಿಸಿ. ಪ್ರಾರ್ಥನೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ, ಅದು ಒಳ್ಳೆಯ ಪ್ರಾರ್ಥನೆ. ಅದನ್ನು ಹದಿಮೂರನೆಯ ಶತಮಾನದ ಬಾಯಲ್ಲಿ ಇಡಬಾರದಷ್ಟೆ.

ಪವಾಡಗಳ ವಿಷಯ

ಪವಾಡಗಳ ಬಗ್ಗೆ ಬರೆಯುವಾಗ ಎರಡು ಅತಿಗಳಿಗೆ ಬೀಳುವ ಅಪಾಯವಿದೆ: ಎಲ್ಲವನ್ನೂ ನಡೆದಂತೆಯೇ ಬರೆಯುವುದು, ಇಲ್ಲವೇ ಎಲ್ಲವನ್ನೂ ನಾಚಿಕೆಯಿಂದ ಬಿಟ್ಟುಬಿಡುವುದು. ಎರಡರ ಬದಲು ಸಾಕ್ಷ್ಯವನ್ನು ವರ್ಣಿಸಿ. ಪಂಚಗಾಯಗಳ ವಿಷಯವನ್ನೇ ತೆಗೆದುಕೊಳ್ಳಿ. ಅಸ್ಸಿಸಿಯಲ್ಲಿ ಇಂದಿಗೂ ಕಾಪಾಡಿರುವ ಒಂದು ಚಿಕ್ಕ ಚರ್ಮಪತ್ರವಿದೆ. ಅದರ ಒಂದು ಬದಿಯಲ್ಲಿ ಫ್ರಾನ್ಸಿಸರು ತಮ್ಮ ಕೈಬರಹದಲ್ಲೇ ದೇವರ ಸ್ತುತಿಯನ್ನೂ, ಇನ್ನೊಂದು ಬದಿಯಲ್ಲಿ ‘ಪ್ರಭು ನಿನ್ನನ್ನು ಆಶೀರ್ವದಿಸಲಿ, ಕಾಪಾಡಲಿ’ ಎಂದು ಮೊದಲಾಗುವ ಹಳೆಯ ಒಡಂಬಡಿಕೆಯ ಆಶೀರ್ವಚನವನ್ನೂ ಸಹೋದರ ಲಿಯೊಗೆಂದು ಬರೆದು, ಶಿಲುಬೆಯಂತೆ ಕಾಣುವ ಟೌ (T) ಅಕ್ಷರದ ಗುರುತು ಹಾಕಿದ್ದಾರೆ. ಲಿಯೊ ಅದನ್ನು ಮಡಚಿ ತಮ್ಮ ಬಳಿ ಇಟ್ಟುಕೊಂಡಿದ್ದರಿಂದ ಮಡಿಕೆಯ ಗೆರೆಗಳು ಎದ್ದು ಕಾಣುತ್ತವೆ. ಅದೇ ಹಾಳೆಯ ಮೇಲೆ ಲಿಯೊ ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದಿದ್ದಾರೆ: ಸಾಯುವ ಎರಡು ವರ್ಷ ಮೊದಲು ಫ್ರಾನ್ಸಿಸರು ಲಾ ವೆರ್ನಾದಲ್ಲಿ ಉಪವಾಸವಿದ್ದಾಗ, ದೇವದೂತನ ದರ್ಶನವಾಗಿ ಕ್ರಿಸ್ತನ ಗಾಯಗಳು ಅವರ ದೇಹದಲ್ಲಿ ಮೂಡಿದ ಮೇಲೆ, ಈ ಸ್ತುತಿಯನ್ನು ರಚಿಸಿ ಬರೆದರು ಎಂದು. ಗಾಯಗಳು ಹೇಗೆ ಮೂಡಿದವೆಂಬುದರ ಬಗ್ಗೆ ಓದುಗರು ತಮ್ಮ ತಮ್ಮ ನಂಬಿಕೆಗೆ ತಕ್ಕಂತೆ ಯೋಚಿಸಿಕೊಳ್ಳುತ್ತಾರೆ. ಹತ್ತಿರದ ಒಡನಾಡಿಯೊಬ್ಬರು ತಮ್ಮ ಕೈಯಾರೆ, ಸಂತರ ಕೈಬರಹದ ಪಕ್ಕದಲ್ಲೇ ಬರೆದ ಸಾಕ್ಷ್ಯವಿದೆ ಎಂಬುದನ್ನು ತಿಳಿಸುವುದು ಬರೆಯುವವರ ಹೊಣೆ. ಸಾವಿನ ನಂತರದ ಗುಣಪಡಿಸುವಿಕೆಗಳು ಬೇರೆ ವರ್ಗಕ್ಕೆ ಸೇರಿದವು. ಥಾಮಸರ ಮೊದಲ ಚರಿತ್ರೆಯ ಕೊನೆಯ ಭಾಗದಲ್ಲಿರುವುದು ಸಂತ ಪದವಿಯ ಘೋಷಣೆಯ ಸಂದರ್ಭದಲ್ಲಿ ಓದಲಾದ ಪವಾಡಗಳ ಪಟ್ಟಿ. ಅದನ್ನು ಬದುಕಿನ ಕಥನದೊಳಕ್ಕೆ ಬೆರೆಸಬೇಡಿ.

ಬರೆಯಲು ಕುಳಿತಾಗ

ಕನ್ನಡದಲ್ಲಿ ಸಾಕ್ಷ್ಯದ ತೂಕವನ್ನು ಕ್ರಿಯಾಪದದಲ್ಲೇ ತೋರಿಸಬಹುದು. ಸ್ವಂತ ಬರಹದಲ್ಲಿರುವುದಕ್ಕೆ ‘ಹೇಳುತ್ತಾರೆ’, ಸಮಕಾಲೀನರ ಬರಹಕ್ಕೆ ‘ಎಂದು ಥಾಮಸ್ ಬರೆಯುತ್ತಾರೆ’, ತಡವಾದ ಕಥೆಗೆ ‘ಎಂದು ಮುಂದಿನ ಕಾಲದ ಕಥೆ’ ಎಂದು ಬಳಸಿ, ಮತ್ತು ಕೊನೆಯವರೆಗೂ ಅದೇ ಅಳತೆಯನ್ನು ಕಾಯ್ದುಕೊಳ್ಳಿ. ‘ಎಂದು ಹೇಳಲಾಗುತ್ತದೆ’ ಎಂಬ ಯಾರಿಗೂ ಸೇರದ ಮಾತನ್ನು ಆದಷ್ಟು ದೂರವಿಡಿ. ಯಾರು ಹೇಳುತ್ತಾರೆಂಬುದನ್ನು ಪತ್ತೆ ಹಚ್ಚಲೆಂದೇ ಅಲ್ಲವೇ ಇಷ್ಟು ಶ್ರಮಪಟ್ಟದ್ದು?

ದಿನಾಂಕಗಳಲ್ಲಿ ಒಂದು ಸಣ್ಣ ತೊಡಕು ಎದುರಾಗುತ್ತದೆ. ಫ್ರಾನ್ಸಿಸರು ತೀರಿಕೊಂಡದ್ದು ಅಕ್ಟೋಬರ್ 3ರ ಸಂಜೆ, ಹಬ್ಬ ಅಕ್ಟೋಬರ್ 4ರಂದು. ಸೂರ್ಯ ಮುಳುಗಿದ ಮೇಲೆ ಮರುದಿನ ಶುರುವಾಯಿತೆಂದು ಎಣಿಸುತ್ತಿದ್ದುದು ಇದಕ್ಕೆ ಕಾರಣ. ಎರಡೂ ದಿನಾಂಕಗಳು ಪುಸ್ತಕಗಳಲ್ಲಿ ಸಿಗುವುದರಿಂದ ಲೇಖನದಲ್ಲಿ ಒಂದು ವಾಕ್ಯದ ವಿವರಣೆ ಕೊಟ್ಟುಬಿಡಿ. ಚೆಲಾನೊದ ಥಾಮಸ್ ಬೇರೆ, ಸ್ಪಾಲಾತೊದ ಥಾಮಸ್ ಬೇರೆ, ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಬೇರೆ ಎಂಬುದನ್ನೂ ಮೊದಲ ಉಲ್ಲೇಖದಲ್ಲೇ ಊರಿನ ಹೆಸರಿನೊಂದಿಗೆ ಸ್ಪಷ್ಟಪಡಿಸಿ. ಇದೇ ಎಚ್ಚರಿಕೆ ಫ್ರಾನ್ಸಿಸ್ ಎಂಬ ಹೆಸರಿಗೂ ಸಲ್ಲುತ್ತದೆ: ಗೋವೆಯಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಆ ಫ್ರಾನ್ಸಿಸ್ ಕ್ಸೇವಿಯರ್ ಹದಿನಾರನೆಯ ಶತಮಾನದ ಯೇಸುಸಭೆಯವರು, ಮತ್ತು ಅವರ ಬಗ್ಗೆ ಬರೆಯಲು ಹೊರಟರೆ ಬಲಬದಿಯ ಪಟ್ಟಿಯನ್ನು ಅವರ ಸ್ವಂತ ಪತ್ರಗಳಿಂದ ಹೊಸದಾಗಿ ಶುರುಮಾಡಬೇಕು.